ಏರು ಹತ್ತಿಸಲು ಓಟವೋ, ಹಾಫ್ ಕ್ಲಚ್ಚೋ?

ಮಲೆನಾಡಿನ ತೋಟದ ದಾರಿಗಳಲ್ಲಿ ಬೈಕ್ ಓಡಿಸುವವರಲ್ಲಿ ಎರಡು ಪಂಗಡ. ಏರು ಕಂಡ ಕೂಡಲೇ ಆಕ್ಸಿಲರೇಟರ್ ಕೊಟ್ಟು ಒಂದೇ ಓಟದಲ್ಲಿ ಮೇಲೆ ಹೋಗಬೇಕು ಅನ್ನುವವರು ಒಂದು ಕಡೆ. ಫಸ್ಟ್ ಗೇರ್ ಹಾಕಿ, ಹಾಫ್ ಕ್ಲಚ್ಚಲ್ಲಿ, ಅಂದರೆ ಕ್ಲಚ್ ಅರ್ಧ ಹಿಡಿದುಕೊಂಡೇ, ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಹತ್ತಬೇಕು ಅನ್ನುವವರು ಇನ್ನೊಂದು ಕಡೆ. ಸಕಲೇಶಪುರದ ಕಡೆಯ ಏರುಗಳಲ್ಲಿ ನಾನು ಎರಡನ್ನೂ ಮಾಡಿ ನೋಡಿದ್ದೇನೆ, ಒಣ ನೆಲದಲ್ಲೂ ಮಳೆಗಾಲದಲ್ಲೂ. ಗಾಡಿ ಹೀರೋ ಎಕ್ಸ್‌ಪಲ್ಸ್ 200 4ವಿ. ಮುಂದೆ 21 ಇಂಚಿನ ಚಕ್ರ, ತೂಕ ಹೆಚ್ಚು ಕಡಿಮೆ 160 ಕೆ.ಜಿ.

ಯಾವುದು ಮೇಲು ಅಂತ ಅಳೆಯೋಕೆ ಟ್ರಯಲ್ಸ್ ಸ್ಪರ್ಧೆಯ ಲೆಕ್ಕವನ್ನೇ ಇಟ್ಟುಕೊಂಡೆ. ಟ್ರಯಲ್ಸ್ ಅಂದರೆ ಬಂಡೆ, ಕಡಿದಾದ ಏರುಗಳ ಮೇಲೆ ಕಾಲು ಊರದೆ ಬೈಕ್ ದಾಟಿಸುವ ಸ್ಪರ್ಧೆ. ಅಲ್ಲಿ ವೇಗಕ್ಕೆ ಬೆಲೆಯಿಲ್ಲ. ಒಂದು ಸಲ ಕಾಲು ನೆಲಕ್ಕೆ ಊರಿದರೆ ಒಂದು ಅಂಕ ದಂಡ, ಎರಡು ಸಲಕ್ಕೆ ಎರಡು, ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲಕ್ಕೆ ಮೂರು. ಬಿದ್ದರೆ ಐದು. ಸ್ಪೇನಿನ ಟೋನಿ ಬೊ 2007ರಿಂದ 2024ರವರೆಗೆ ಒಂದು ವರ್ಷವೂ ಬಿಡದೆ ವಿಶ್ವ ಚಾಂಪಿಯನ್ ಆದದ್ದು ಈ ಲೆಕ್ಕದಲ್ಲೇ. ಅವರ ಗಾಡಿಗೆ ಸೀಟೇ ಇಲ್ಲ, ತೂಕವೂ ನಮ್ಮ ಗಾಡಿಯ ಅರ್ಧದಷ್ಟು. ಹಾಗಾಗಿ ಅವರು ಬಂಡೆಯಿಂದ ಬಂಡೆಗೆ ಹಾರುವುದನ್ನು ನೋಡಿ ನಾವು ಸುಮ್ನೆ ಖುಷಿಪಡಬಹುದು, ಅಷ್ಟೇ. ಆದರೆ ಕ್ಲಚ್ ಹಿಡಿಯುವ ರೀತಿ, ನಿಲ್ಲುವ ರೀತಿ ನಮಗೂ ಬರುತ್ತದೆ.

ಮೊದಲು ಓಟದ ವಿಷಯ. ಸಡಿಲ ಜಲ್ಲಿ ಹಾಕಿದ ನೇರ ಏರಿನಲ್ಲಿ ಇದನ್ನು ಮೀರಿಸುವ ದಾರಿ ಇಲ್ಲ. ಅಲ್ಲಿ ನಿಧಾನ ಹೋದರೆ ಹಿಂದಿನ ಚಕ್ರ ಸುತ್ತಿ ಸುತ್ತಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಸೆಕೆಂಡ್ ಗೇರಲ್ಲಿ, ಕೆಳಗೇ ವೇಗ ಹಿಡಿದು, ಮೇಲೆ ಹೋಗ್ತಾ ಹೋಗ್ತಾ ಆಕ್ಸಿಲರೇಟರ್ ಸ್ವಲ್ಪ ಸ್ವಲ್ಪ ಬಿಡಬೇಕು. ಮಳೆ ಬಿದ್ದ ಕೆಮ್ಮಣ್ಣಿನ ಗಿಡ್ಡ ಏರಿಗೂ ಇದೇ ಸರಿ.

ತೊಂದರೆ ಶುರುವಾಗುವುದು ಜೀಪ್ ಓಡಾಡುವ ದಾರಿಯಲ್ಲಿ. ಎರಡು ಆಳದ ಜಾಡು, ನಡುವೆ ದಿಬ್ಬ, ದಿಬ್ಬದಿಂದ ಮೇಲೆದ್ದ ಜಂಬಿಟ್ಟಿಗೆ ಕಲ್ಲು. ವೇಗದಲ್ಲಿ ಮುಂದಿನ ಚಕ್ರ ಆ ಕಲ್ಲಿಗೆ ತಾಗಿದರೆ ಹ್ಯಾಂಡಲ್ ಒಂದು ಕಡೆ ಎಳೆಯುತ್ತದೆ, ಮೈ ಹಿಂದಕ್ಕೆ ಜಗ್ಗುತ್ತದೆ. ಹ್ಯಾಂಡಲ್ ಹಿಡಿದ ಬಲಗೈಯೂ ಜೊತೆಗೇ ತಿರುಗಿ ಆಕ್ಸಿಲರೇಟರ್ ಇನ್ನಷ್ಟು ತೆರೆಯುತ್ತದೆ. ನಿಲ್ಲಿಸಬೇಕು ಅಂತ ಅನಿಸುವ ಹೊತ್ತಿಗೆ ಗಾಡಿ ಇನ್ನೂ ಜೋರಾಗಿ ಓಡುತ್ತಿರುತ್ತದೆ. ನೇರ ಐದು ಅಂಕ.

ಹಾಫ್ ಕ್ಲಚ್ಚಿನ ಗುಟ್ಟು ಇಷ್ಟೇ: ಆಕ್ಸಿಲರೇಟರನ್ನು ಒಂದೇ ಮಟ್ಟದಲ್ಲಿ ಇಡಿ, ಹಿಂದಿನ ಚಕ್ರಕ್ಕೆ ಎಷ್ಟು ಬಲ ಹೋಗಬೇಕು ಅನ್ನುವುದನ್ನು ಎಡಗೈಯ ಎರಡು ಬೆರಳು ನೋಡಿಕೊಳ್ಳಲಿ. 200 ಸಿಸಿ ಇಂಜಿನ್‌ಗೆ ಕಡಿಮೆ ಆರ್‌ಪಿಎಮ್‌ನಲ್ಲಿ ಎಳೆತ ಸಾಲದು. ಕ್ಲಚ್ ಪೂರ್ತಿ ಬಿಟ್ಟು ನಿಧಾನ ಹೋದರೆ ಕೆಮ್ಮಿ ಆಫ್ ಆಗುತ್ತದೆ. ಇಂಜಿನ್ ಕೂಗುತ್ತಿರಲಿ, ಚಕ್ರ ತೆವಳಲಿ. ಕಲ್ಲು ಎದುರಾದಾಗ ಕ್ಲಚ್ ಒಂದು ಎಳೆ ಬಿಟ್ಟು, ಮುಂದಿನ ಚಕ್ರ ಮೇಲೇರಿದ ಕೂಡಲೇ ಮತ್ತೆ ಒತ್ತಿದರೆ ಹಿಂದಿನ ಚಕ್ರ ಸದ್ದಿಲ್ಲದೆ ಹಿಂಬಾಲಿಸುತ್ತದೆ. ಇದಕ್ಕೂ ಒಂದು ಬೆಲೆ ಇದೆ. ಉದ್ದದ ಏರಿನಲ್ಲಿ ಕ್ಲಚ್ ಕಾದು ಸುಟ್ಟ ವಾಸನೆ ಬರುತ್ತದೆ, ಲಿವರ್ ಬಿಡುವಾಗ ಕ್ಲಚ್ ಹಿಡಿಯಲು ಶುರುವಾಗುವ ಜಾಗ ಬದಲಾಗುತ್ತದೆ. ಆಗ ನಿಲ್ಲಿಸಿ ಆರಲು ಬಿಡುವುದೇ ಸರಿ.

ಆದರೂ ನನ್ನ ಓಟು ಹಾಫ್ ಕ್ಲಚ್ಚಿಗೇ. ಕಾರಣ, ಅರ್ಧ ಏರಿನಲ್ಲಿ ಸೋತಾಗ ಏನಾಗುತ್ತದೆ ಅನ್ನುವುದು. ಓಟದಲ್ಲಿ ಸೋತರೆ ಗಾಡಿ ಅಡ್ಡ ಬೀಳುತ್ತದೆ. ನಿಧಾನದಲ್ಲಿ ಸೋತರೆ ಇಂಜಿನ್ ಆಫ್ ಆಗಿ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಆ ಕ್ಷಣದಲ್ಲಿ ಕ್ಲಚ್ ಹಿಡಿಯಬೇಡಿ! ಗೇರಿನಲ್ಲಿರುವ ಇಂಜಿನ್ನೇ ಹಿಂದಿನ ಚಕ್ರವನ್ನು ಕಟ್ಟಿ ಹಾಕಿರುತ್ತದೆ. ಎಲ್ಲರೂ ಗಾಬರಿಯಲ್ಲಿ ಒತ್ತುವುದು ಮುಂದಿನ ಬ್ರೇಕು. ಕಡಿದಾದ ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಹೋಗಿರುವುದರಿಂದ ಮುಂದಿನ ಚಕ್ರ ಬಿಗಿಯಾಗಿಯೇ ಜಾರುತ್ತಾ ಕೆಳಗೆ ಬರುತ್ತದೆ. ಎತ್ತರದ ಬದಿಗೆ ಕಾಲು ಊರಿ, ಆಮೇಲೆ ಕ್ಲಚ್ ಲಿವರನ್ನು ಇಷ್ಟಿಷ್ಟೇ ಒತ್ತಿ ಬಿಡುತ್ತಾ ಗಾಡಿಯನ್ನು ಹಿಂದಕ್ಕೆ ಸರಿಸಿ, ಹ್ಯಾಂಡಲ್ ತಿರುಗಿಸಿ ಗಾಡಿಯನ್ನು ಏರಿಗೆ ಅಡ್ಡ ಮಾಡಿಕೊಂಡರೆ ಆಯ್ತು. ಒಂದೆರಡು ಅಂಕ ಹೋಯಿತು, ಚರ್ಮ ಉಳಿಯಿತು.

ಕೂತು ಹೋಗುವುದೋ ನಿಂತು ಹೋಗುವುದೋ ಅನ್ನುವುದಕ್ಕೆ ಉದ್ದ ಚರ್ಚೆ ಬೇಡ. ನಿಲ್ಲಿ. ಮೊಣಕಾಲು ಸ್ವಲ್ಪ ಬಗ್ಗಿಸಿ, ಎದೆ ಹ್ಯಾಂಡಲ್ ಕಡೆಗೆ. ತೋಟದ ಲೆಕ್ಕ ಬರೆಯುವ ರೈಟರುಗಳು ಹಳೇ ಸ್ಪ್ಲೆಂಡರಿನಲ್ಲಿ ಗೊಬ್ಬರದ ಮೂಟೆ ಹೇರಿ, ಕೂತೇ ಇದೇ ಏರು ಹತ್ತುತ್ತಾರೆ, ನಿಜ. ಅವರಿಗೆ ಅಲ್ಲಿನ ಒಂದೊಂದು ಕಲ್ಲೂ ಗೊತ್ತು. ನಮಗೆ ಗೊತ್ತಿಲ್ಲ ಅಲ್ವಾ?

ಇಳಿಯುವಾಗ ಲೆಕ್ಕ ಉಲ್ಟಾ. ಕ್ಲಚ್ ಹಿಡಿದು ಹಿಂದಿನ ಬ್ರೇಕ್ ಒತ್ತುತ್ತಾ ಇಳಿಯುವವರೇ ಜಾಸ್ತಿ. ಭಾರ ಮುಂದಕ್ಕೆ ಬಂದಿರುವುದರಿಂದ ಹಿಂದಿನ ಚಕ್ರ ತಟ್ಟನೆ ಲಾಕ್ ಆಗಿ ಗಾಡಿಯ ಬಾಲ ಅಡ್ಡ ತಿರುಗುತ್ತದೆ. ಫಸ್ಟ್ ಗೇರಲ್ಲಿ ಕ್ಲಚ್ ಪೂರ್ತಿ ಬಿಟ್ಟು ಇಂಜಿನ್ನೇ ವೇಗ ತಡೆಯುವಂತೆ ಮಾಡಿ, ಮುಂದಿನ ಬ್ರೇಕಿಗೆ ಒಂದೇ ಬೆರಳು ಇಟ್ಟು, ಸೊಂಟ ಹಿಂದಕ್ಕೆ ಮಾಡಿ ಇಳಿದರೆ ಗಾಡಿ ಹೇಳಿದ ಮಾತು ಕೇಳುತ್ತದೆ.

ಟೈರ್ ಗಾಳಿ ವಿಷಯದಲ್ಲಿ ಟ್ರಯಲ್ಸ್ ನವರನ್ನು ನಕಲು ಮಾಡಬೇಡಿ. ಅವರು ಹಿಂದಿನ ಟೈರಿಗೆ ಐದು ಪಿಎಸ್‌ಐ ಆಸುಪಾಸಿನಲ್ಲಿ ಇಡುತ್ತಾರೆ. ನಮ್ಮದು ಟ್ಯೂಬ್ ಟೈರು, ಅಷ್ಟು ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಕತ್ತರಿಸುತ್ತದೆ. ನಾನು ಹದಿನೆಂಟಕ್ಕಿಂತ ಕೆಳಗೆ ಇಳಿಸುವುದಿಲ್ಲ.

ಇನ್ನು ಜೋರು ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲಿನ ಏರು. ಅಲ್ಲಿ ಎರಡೂ ಪಂಗಡಕ್ಕೆ ಐದು ಅಂಕ ದಂಡವೇ. ಇಳಿದು, ಗಾಡಿಯ ಎಡಕ್ಕೆ ನಿಂತು, ಫಸ್ಟ್ ಗೇರಲ್ಲಿ ಕ್ಲಚ್ ಬಿಡುತ್ತಾ ಪಕ್ಕದಲ್ಲೇ ನಡೆಸಿಕೊಂಡು ಹೋಗಿ. ಹಿಂದಿನಿಂದ ತಳ್ಳಲು ಒಬ್ಬರು ಇದ್ದರೆ ಇನ್ನೂ ಒಳ್ಳೆಯದು, ಆದರೆ ಚಕ್ರದ ನೇರಕ್ಕೆ ನಿಲ್ಲಬೇಡಿ ಅಂತ ಅವರಿಗೆ ಮೊದಲೇ ಹೇಳಿರಿ.