ಹಳೆ ಅಂಬಾಸಿಡರ್‌ಗೆ ಅಲ್ಯೂಮಿನಿಯಂ ರೇಡಿಯೇಟರ್ ಕಿಟ್: ಫ್ಯಾನ್ ಚಿನ್ನ, ವೈರಿಂಗ್ ಕಳಪೆ

1489 ಸಿಸಿ ಪೆಟ್ರೋಲ್ ಅಂಬಾಸಿಡರ್ ಹೆದ್ದಾರಿಯಲ್ಲಿ ತಣ್ಣಗಿದ್ದು ಸಿಗ್ನಲ್‌ನಲ್ಲಿ ಮಾತ್ರ ಬಿಸಿಯಾಗುತ್ತಿದ್ದರೆ, ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ನಿಧಾನವಾಗಿ ಓಡುವಾಗ) ಬೆಲ್ಟ್ ಫ್ಯಾನ್ ಎಳೆಯುವ ಗಾಳಿ ಸಾಲುತ್ತಿಲ್ಲ ಎಂದರ್ಥ. ಈ ಕಿಟ್‌ನ 12 ಇಂಚಿನ ಎಲೆಕ್ಟ್ರಿಕ್ ಫ್ಯಾನ್ ಆ ಕೊರತೆಯನ್ನು ಪೂರ್ತಿ ನೀಗಿಸುತ್ತದೆ. ಅದಕ್ಕಾಗಿಯೇ ಕೊಳ್ಳಬಹುದು.

ಕಿಟ್‌ನ ಜೊತೆ ಬರುವ ವೈರಿಂಗ್ ಮಾತ್ರ ಬೇಡವೇ ಬೇಡ. ಫ್ಯಾನ್ ಸುಮಾರು 10 ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಇನ್ನೂ ಹೆಚ್ಚು. 30 ಆಂಪಿಯರ್ ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್), 20 ಆಂಪಿಯರ್ ಫ್ಯೂಸ್, 2.5 ಚದರ ಮಿಮೀ ತಂತಿ ಬೇರೆಯಾಗಿ ಹಾಕಿ. ಬ್ಯಾಟರಿ ಚಾರ್ಜ್ ಮಾಡಲು ಹಳೆ ಮಾದರಿಯ ಡೈನಮೋ ಇರುವ ಗಾಡಿಯಾದರೆ ಮೊದಲು ಆಲ್ಟರ್ನೇಟರ್ ಕೂರಿಸಿ. ಫ್ಯಾನ್ ಬೇಕಾಗುವ ಐಡಲ್‌ನಲ್ಲೇ ಡೈನಮೋ ಚಾರ್ಜ್ ಮಾಡುವುದಿಲ್ಲ, ಬ್ಯಾಟರಿ ಬರಿದಾಗುತ್ತದೆ.

ಫ್ಯಾನ್ ಕಟ್ಟಲು ರೇಡಿಯೇಟರ್‌ನ ಕೋರ್ (ಟ್ಯೂಬ್‌ಗಳ ಜಾಲರಿ) ಒಳಗೆ ತೂರಿಸುವ ಪ್ಲಾಸ್ಟಿಕ್ ಟೈಗಳನ್ನೂ ಬಿಸಾಡಿ. ಅವು ಅಲುಗಾಡಿ ಉಜ್ಜಿ ಟ್ಯೂಬ್ ತೂತಾಗುತ್ತದೆ. ಎರಡು ಪಟ್ಟಿ ಬ್ರ್ಯಾಕೆಟ್ ಮಾಡಿಸಿ ಫ್ಯಾನನ್ನು ರೇಡಿಯೇಟರ್ ಅಂಚಿನ ಫ್ರೇಮಿಗೆ ಬಿಗಿಯಿರಿ.

ಜೋಡಿಸುವ ಮುನ್ನ ಎಂಜಿನ್ ಬ್ಲಾಕ್‌ನ ಡ್ರೈನ್ ಟ್ಯಾಪ್ (ನೀರು ಹೊರಬಿಡುವ ನಲ್ಲಿ) ಬಿಚ್ಚಿ ನೋಡಿ. ನೀರು ಬರದಿದ್ದರೆ ತಂತಿಯಿಂದ ಚುಚ್ಚಿ. ಇಟ್ಟಿಗೆ ಬಣ್ಣದ ಮಡ್ಡಿ ಹೊರಬರುತ್ತದೆ. ಅದನ್ನು ತೊಳೆಯದೆ ಹೊಸ ರೇಡಿಯೇಟರ್ ಹಾಕಿದರೆ ಅದೂ ಕಟ್ಟಿಕೊಳ್ಳುತ್ತದೆ. ಬೋರ್‌ವೆಲ್ ನೀರು ಅಲ್ಯೂಮಿನಿಯಂಗೆ ವಿಷ. ಡಿಸ್ಟಿಲ್ಡ್ ನೀರು, ಕೂಲಂಟ್ ಸಮಪಾಲು ಬೆರೆಸಿ ತುಂಬಿ.