‘ರೈಜನ್ 5’ ಅಂತ ಮಾತ್ರ ಬರೆದ ಬಿಲ್ ತಗೋಬೇಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರು ಲ್ಯಾಪ್‌ಟಾಪ್ ತಗೊಳ್ಳೋಕೆ ಹೊರಟಿದ್ದರೆ ಇದನ್ನೊಮ್ಮೆ ಓದಿಬಿಡಿ. ಅಂಗಡಿಯವರು ‘ಐ5’, ‘ರೈಜನ್ 5’, ‘7000 ಸೀರೀಸ್’ ಅಂದರೆ ಅದು ಪ್ರೊಸೆಸರ್, ಅಂದರೆ ಲ್ಯಾಪ್‌ಟಾಪಿನ ಮುಖ್ಯ ಚಿಪ್ಪಿನ, ಮನೆತನದ ಹೆಸರಷ್ಟೇ, ಅದರಿಂದ ಏನೂ ತಿಳಿಯೋದಿಲ್ಲ. ಪ್ರೊಸೆಸರ್‌ನ ಪೂರ್ತಿ ನಂಬರು, ಕೊನೆಯ ಅಕ್ಷರದ ಸಮೇತ, ಬಿಲ್ಲಿಗೆ ಹತ್ತುವವರೆಗೆ ದುಡ್ಡು ಎಣಿಸಬೇಡಿ.

ನನ್ನ ಅಕ್ಕನ ಮನೆ ಹೊಸನಗರ ಕಡೆ. ಅವಳ ಮಗ ಬಡಗುತಿಟ್ಟಿನ ಯಕ್ಷಗಾನ ಆಟಗಳನ್ನು ರಾತ್ರಿಯಿಡೀ ಕೂತು ವಿಡಿಯೋ ಮಾಡಿ, ಎಡಿಟ್ ಮಾಡಿ ಯೂಟ್ಯೂಬಿಗೆ ಹಾಕುತ್ತಾನೆ. ಮದುವೆ ಸೀಸನ್ನಲ್ಲಿ ಮದುವೆ ವಿಡಿಯೋ. ಎರಡು ಕ್ಯಾಮೆರಾ, ಎರಡೂ 4ಕೆ. ಇಂಥವನಿಗೆ ಏನು ಬೇಕು ಅಂತ ಯೋಚನೆ ಮಾಡಿಯೇ ಶಿವಮೊಗ್ಗದ ಒಂದು ಅಂಗಡಿಗೆ ವಾಟ್ಸಾಪಲ್ಲಿ ಬರೆದು ಕಳಿಸಿದ್ದ: ರೈಜನ್ 5 7530ಯು, 16 ಜಿಬಿ ರ‍್ಯಾಮ್. ಅವರು ‘ಓಕೆ ಸರ್’ ಅಂದಿದ್ದರು. ಅಂಗಡಿ ಯಾವುದು ಅಂತ ಕೇಳಬೇಡಿ, ಹೇಳೋದಿಲ್ಲ. ಇದೇ ಆಟ ಆಡುವವರು ಅವರೊಬ್ಬರೇ ಅಲ್ಲ.

ಹುಡುಗ ಒಂದು ಮದುವೆ ಒಪ್ಪಿಕೊಂಡಿದ್ದ, ಹಾಗಾಗಿ ತರೋಕೆ ಹೋದವರು ಭಾವ. ‘ಸರ್, ಅದು ಸ್ಟಾಕ್ ಖಾಲಿ. ಇದೂ ಅದೇ ರೈಜನ್ 5, ಅದೇ 7000 ಸೀರೀಸು, ಇನ್ನೂ ಲೇಟೆಸ್ಟು. 8 ಜಿಬಿ ಇದೆ, ಬೇಕಾದಾಗ ಇನ್ನೊಂದು 8 ಹಾಕಿಸ್ಕೊಳ್ಳಿ’ ಅಂತ ಕೊಟ್ಟು ಕಳಿಸಿದರು. ಒಳಗಿದ್ದದ್ದು 7520ಯು. ಲೇಟೆಸ್ಟ್ ಅನ್ನೋದೂ ಸುಳ್ಳೇ. 7520ಯು ಬಂದದ್ದು 2022ರ ಸೆಪ್ಟೆಂಬರಲ್ಲಿ, 7530ಯು 2023ರ ಜನವರಿಯಲ್ಲಿ.

ನಾನು ಹೋದ ದಿನ ಹುಡುಗ ಜಗಲಿಯಲ್ಲಿ ಕೂತು ಒಂದು ಆಟದ ವಿಡಿಯೋ ತೆರೆದಿಟ್ಟುಕೊಂಡಿದ್ದ. ‘ಮಾವ, ಇದನ್ನ ನೋಡಿ’ ಅಂತ ಪ್ಲೇ ಮಾಡಿ ತೋರಿಸಿದ. ಭಾಗವತರ ಪದ ಎರಡು ಸಾಲು ಮುಂದೆ ಹೋಗಿದೆ, ವೇಷಧಾರಿಯ ಕೈ ಇನ್ನೂ ಎತ್ತಿದಲ್ಲೇ ಇದೆ. ಆಮೇಲೆ ಒಮ್ಮೆಲೇ ಗಿರಕಿಯೆಲ್ಲ ಹಾರಿಹೋಗಿ ವೇಷ ರಂಗಸ್ಥಳದ ಆಚೆ ತುದಿಯಲ್ಲಿ ಪ್ರತ್ಯಕ್ಷ. ಹೆಜ್ಜೆಗೂ ಚೆಂಡೆಗೂ ತಾಳೆ ನೋಡಿ ಕತ್ತರಿಸಬೇಕಾದವನು ಇದರಲ್ಲಿ ಏನು ಎಡಿಟ್ ಮಾಡ್ತಾನೆ ಮಾರಾಯ್ರೆ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆವು. ಪರ್ಫಾರ್ಮೆನ್ಸ್ ಅನ್ನೋ ಕಡೆ ಎಲ್ಲ ಬರೆದಿರುತ್ತೆ. ಕೋರ್, ಅಂದರೆ ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕ, 4. ಅವನು ಕೇಳಿದ್ದ 7530ಯುನಲ್ಲಿ 6. ಮೆಮೊರಿ ಒತ್ತಿದರೆ ‘ಫಾರ್ಮ್ ಫ್ಯಾಕ್ಟರ್’ ಎದುರು ‘ರೋ ಆಫ್ ಚಿಪ್ಸ್’ ಅಂತಿತ್ತು. ಹಾಗಿದ್ದರೆ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ ಅಂತ ಲೆಕ್ಕ. ತೆಗೆದು ಹಾಕುವಂಥದ್ದಾದರೆ ಅಲ್ಲಿ ‘ಎಸ್ಒಡಿಐಎಂಎಂ’ ಅಂತ ಇರುತ್ತೆ. 7520ಯು ಕೆಲಸ ಮಾಡೋದೇ ಎಲ್‌ಪಿಡಿಡಿಆರ್5 ರ‍್ಯಾಮ್ ಜೊತೆ, ಅದನ್ನು ಬೆಸುಗೆ ಹಾಕಿಯೇ ಕೊಡೋದು. ‘ಇನ್ನೊಂದು 8 ಹಾಕಿಸ್ಕೊಳ್ಳಿ’ ಅಂದವರಿಗೆ ಇದು ಗೊತ್ತಿರಲಿಲ್ವ, ಗೊತ್ತಿದ್ದೇ ಹೇಳಿದರಾ, ಅವರಿಗೇ ಗೊತ್ತು.

ಈಗ ನಂಬರಿನ ಒಳಗುಟ್ಟು. ಈ ಲೆಕ್ಕವನ್ನು ರೈಜನ್ ತಯಾರಿಸುವ ಎಎಂಡಿಯವರೇ 2022ರಲ್ಲಿ ಬಿಡಿಸಿ ಹೇಳಿದ್ದಾರೆ, ಆದರೆ ಕೌಂಟರಿನಲ್ಲಿ ಯಾರೂ ಹೇಳೋದಿಲ್ಲ. ಮೊದಲ ಅಂಕಿ 7 ಬರೀ ವರ್ಷದ್ದು, 2023ರ ಸಾಲು ಅಂತ. ಎರಡನೆಯದು ದರ್ಜೆ. ನೀವು ಕಣ್ಣಿಡಬೇಕಾದದ್ದು ಮೂರನೆಯ ಅಂಕಿಯ ಮೇಲೆ, ಅದು ಚಿಪ್ಪಿನ ಒಳವಿನ್ಯಾಸದ ತಲೆಮಾರು: 2 ಇದ್ದರೆ ಜೆನ್ 2, 3 ಇದ್ದರೆ ಜೆನ್ 3, 4 ಇದ್ದರೆ ಜೆನ್ 4. ಜೆನ್ 2 ವಿನ್ಯಾಸ ಮಾರುಕಟ್ಟೆಗೆ ಬಂದದ್ದು 2019ರಲ್ಲಿ, ಜೆನ್ 4 2022ರಲ್ಲಿ. ಅಂದರೆ 7520ಯು, 7530ಯು, 7540ಯು ಮೂರರ ಮೇಲೂ ‘ರೈಜನ್ 5’ ಸ್ಟಿಕ್ಕರೇ ಇರುತ್ತೆ, ಒಳಗಿನ ತಲೆಮಾರು ಮಾತ್ರ ಬೇರೆ ಬೇರೆ. ಗ್ರಾಫಿಕ್ಸ್ ಕಡೆ ಅಂತರ ಇನ್ನೂ ದೊಡ್ಡದು. 7520ಯುನ ರೇಡಿಯಾನ್ 610ಎಂನಲ್ಲಿ ಇರೋದು 2 ಗ್ರಾಫಿಕ್ಸ್ ಯೂನಿಟ್. 7535ಯುನ 660ಎಂನಲ್ಲಿ 6, ರೈಜನ್ 7 7735ಯುನ 680ಎಂನಲ್ಲಿ 12. ಈ ಮೂರರಲ್ಲೂ ಗ್ರಾಫಿಕ್ಸ್ ವಿನ್ಯಾಸ ಒಂದೇ ಆಗಿರೋದರಿಂದ ಇವನ್ನು ನೇರವಾಗಿ ಹೋಲಿಸಬಹುದು. ಅಂಕಿ ಬಿಡಿಸುವ ಈ ಲೆಕ್ಕ 7000, 8000 ಸಾಲಿಗೆ ಸರಿ. ರೈಜನ್ ಎಐ 300 ಬಂದ ಮೇಲೆ ಹೆಸರಿಡುವ ಕ್ರಮವೇ ಬದಲಾಗಿದೆ, ಅಲ್ಲಿಗೆ ಹಚ್ಚಬೇಡಿ.

ಹಾಗಂತ 7520ಯು ಕೆಟ್ಟ ಚಿಪ್ ಅಂತ ನಾನು ಹೇಳ್ತಿಲ್ಲ. ಕಡಿಮೆ ಬೆಲೆಗೆ, ಕಡಿಮೆ ಕರೆಂಟಲ್ಲಿ ಓಡಲಿ ಅಂತಲೇ ಅದನ್ನು ಮಾಡಿದ್ದು. ಸೊಸೈಟಿ ಲೆಕ್ಕ, ಆನ್‌ಲೈನ್ ಕ್ಲಾಸು, ಮನೆಯಿಂದ ಆಫೀಸ್ ಕೆಲಸ ಮಾಡುವವರಿಗೆ ಸಾಕು. ವಿಡಿಯೋ ಎಡಿಟ್ ಮಾಡ್ತೀನಿ ಅಂತ ಬಾಯಿಬಿಟ್ಟು ಹೇಳಿದವನಿಗೆ ಅದನ್ನು ಕಟ್ಟಿದ್ದು ಮೋಸ.

ಮಾರನೇ ದಿನವೇ ಭಾವ, ನಾನು ಅಂಗಡಿಗೆ ಹೋದೆವು. ‘ಸರ್, 4.3 ಗಿಗಾಹರ್ಟ್ಜ್ ಇದೆ, 7530ಯುನಲ್ಲಿ 4.5, ಏನ್ ಮಹಾ ಡಿಫರೆನ್ಸು?’ ಅಂದರು. ತಲೆಮಾರು ಬೇರೆಯಾದರೆ ಒಂದೇ ಗಿಗಾಹರ್ಟ್ಜ್‌ನಲ್ಲಿ ಆಗುವ ಕೆಲಸವೂ ಬೇರೆ, ಜೊತೆಗೆ ಎರಡು ಕೋರ್ ಕಡಿಮೆ ಅಂತ ನಾನು ಹೇಳ್ತಾ ಇದ್ದೆ. ಭಾವನಿಗೆ ತಡೆಯಲಿಲ್ಲ. ‘ನಾವು ಮಂಡಿಗೆ ಹಾಕಿದ್ದಕ್ಕೆ ಬರೀ ಅಡಿಕೆ ಅಂತ ಚೀಟಿ ಬರೀತಾರೇನ್ರಿ? ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಅಂತ ಬರೆಯೋದಿಲ್ವ? ನಿಮ್ಮ ಬಿಲ್ಲಲ್ಲಿ ಏನು ಬರ್ದಿದೀರಿ ನೋಡಿ’ ಅಂತ ಮುಂದಿಟ್ಟರು. ‘ಲ್ಯಾಪ್‌ಟಾಪ್ ರೈಜನ್ 5’, ಅಷ್ಟೇ. ಮಾಡೆಲ್ ನಂಬರೂ ಇಲ್ಲ. ಬಾಕ್ಸ್ ಓಪನ್ ಆಗಿದೆ, ವಾಪಸ್ ಆಗಲ್ಲ ಅಂದುಬಿಟ್ಟರು.

ಬದಲಿಗೆ ಮೇಲೆ ದುಡ್ಡು ಹಾಕಿ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ ಅಂದರು. ಇದೂ ನಮ್ಮ ಕಡೆಯವರು ಯೋಚಿಸಬೇಕಾದ್ದೇ. ಪ್ರೊಸೆಸರ್ ನಂಬರಿನ ಕೊನೆಯ ‘ಯು’ ಅಂದರೆ ಸುಮಾರು 15 ವ್ಯಾಟಿನ ಆಸುಪಾಸಿನದು, ಇಂಟೆಲ್‌ನ ‘ಪಿ’ ಅಂದರೆ 28, ‘ಎಚ್’ ಅಂದರೆ 45. ಒತ್ತಡ ಬಿದ್ದಾಗ ಎಲ್ಲವೂ ಸ್ವಲ್ಪ ಹೊತ್ತು ಇದಕ್ಕಿಂತ ಹೆಚ್ಚು ಎಳೆಯುತ್ತವೆ. ಎಚ್ ಪ್ರೊಸೆಸರ್ ಜೊತೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರದ್ದು ಬೇರೆ ಲೆಕ್ಕ. ಆರ್‌ಟಿಎಕ್ಸ್ 4050 ಅನ್ನೋ ಒಂದೇ ಹೆಸರಲ್ಲಿ 35 ವ್ಯಾಟಿನಿಂದ 115 ವ್ಯಾಟಿನವರೆಗೆ ಲ್ಯಾಪ್‌ಟಾಪ್ ಬರುತ್ತೆ, ಎಷ್ಟು ವ್ಯಾಟ್ ಕೊಟ್ಟಿದ್ದಾರೆ ಅನ್ನೋದರ ಮೇಲೆ ಅದರ ವೇಗ. ಬ್ಯಾಟರಿ 42 ವ್ಯಾಟ್‌ಅವರ್ ಅಂತಿಟ್ಟುಕೊಳ್ಳಿ. ಇಡೀ ಯಂತ್ರ 14 ವ್ಯಾಟ್ ಎಳೆದರೆ 3 ಗಂಟೆ, 42 ಎಳೆದರೆ ಒಂದೇ ಗಂಟೆ. ಆಷಾಢದಲ್ಲಿ ಗಾಳಿಗೆ ಮರ ಬಿದ್ದು ಬೆಳಿಗ್ಗೆ ಹೋದ ಕರೆಂಟು ಸಂಜೆಗೂ ಬಾರದ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಪ್ಲಗ್ ಕಿತ್ತ ಕೂಡಲೇ ಇಂಥ ಯಂತ್ರಗಳ ವೇಗವೂ ಇಳಿಯುತ್ತೆ. ಮನೆಯಲ್ಲಿ ಗಟ್ಟಿ ಇನ್ವರ್ಟರ್ ಇದ್ದರೆ ತಗೊಳ್ಳಿ.

ಇಂಟೆಲ್ ತಗೊಳ್ಳುವವರೂ ನಿಶ್ಚಿಂತೆಯಿಂದ ಇರಬೇಡಿ. 2022ರ 12ನೇ ತಲೆಮಾರಿನಲ್ಲಿ ಐ7-1255ಯುಗೆ ದೊಡ್ಡ ಕೋರ್ 2, ಐ5-1240ಪಿಗೆ 4. ಸಣ್ಣ ಕೋರ್ ಎರಡರಲ್ಲೂ 8. ಹೊತ್ತುಗಟ್ಟಲೆ ರೆಂಡರ್ ಮಾಡುವ, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಫೈಲಾಗಿ ಹೊರತೆಗೆಯುವ ಕೆಲಸಕ್ಕೆ, ತಂಪಾಗಿಡುವ ಏರ್ಪಾಡು ಸರಿಯಿದ್ದರೆ, ಆ ಐ5 ಈ ಐ7ನ ಹಿಂದಿಕ್ಕುತ್ತೆ. ಬ್ಯಾಟರಿ ಮುಖ್ಯ ಅನ್ನುವವರಿಗೆ ಯು ವಾಸಿ. ಇನ್ನೊಂದು: ಐರಿಸ್ ಎಕ್ಸ್ಇ ಗ್ರಾಫಿಕ್ಸ್ ಅಂತ ಹೇಳಿ ಮಾರಿದ ಲ್ಯಾಪ್‌ಟಾಪಲ್ಲಿ ರ‍್ಯಾಮ್ ಕಡ್ಡಿ ಒಂದೇ ಇದ್ದರೆ ವಿಂಡೋಸ್ ಅದನ್ನು ಬರೀ ‘ಯುಎಚ್‌ಡಿ ಗ್ರಾಫಿಕ್ಸ್’ ಅಂತ ತೋರಿಸುತ್ತೆ, ವೇಗವೂ ಇಳಿದಿರುತ್ತೆ. ಎರಡು ಕಡ್ಡಿ ಹಾಕಿಸಿ.

ನಾವು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕ ಇಲ್ಲ. ಬಿಲ್ಲಲ್ಲಿ ನಂಬರಿಲ್ಲದ ಕಾರಣ ನಮ್ಮ ಕೈಯಲ್ಲಿರುವ ಸಾಕ್ಷಿ ಅಂದರೆ ಆ ವಾಟ್ಸಾಪ್ ಮೆಸೇಜು, ಅದರ ಕೆಳಗಿನ ‘ಓಕೆ ಸರ್’. ಅಂಗಡಿಯ ಜೊತೆ ಬರೀ ಫೋನಲ್ಲಿ ಮಾತಾಡಿದ್ದರೆ ಅದೂ ಇರುತ್ತಿರಲಿಲ್ಲ.

ಈಗಾಗಲೇ ಇಂಥದ್ದು ತಂದು ಕೂತವರಿಗೆ: ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಪ್ರಾಕ್ಸಿ ಅಂತ ಒಂದು ಸೌಲಭ್ಯ ಇರುತ್ತೆ. 4ಕೆ ಫೈಲುಗಳಿಗೆ 720ಪಿಯ ಹಗುರ ಪ್ರತಿ ಮಾಡಿಕೊಂಡು ಅದರ ಮೇಲೆ ಕತ್ತರಿಸಿ, ಕೊನೆಗೆ ಅಸಲಿ ಫೈಲಿನಿಂದ ರೆಂಡರ್ ಮಾಡೋದು. ಪ್ರತಿ ಮಾಡೋಕೆ ಹೊತ್ತು ಹಿಡಿಯುತ್ತೆ, ರೆಂಡರಿಗೂ ಕಾಯಬೇಕು, ಆದರೆ ಎಡಿಟ್ ಮಾಡುವಾಗ ವೇಷ ತಡವರಿಸೋದಿಲ್ಲ. ಸದ್ಯಕ್ಕೆ ನಮ್ಮ ಹುಡುಗ ಹಾಗೇ ದೂಡ್ತಾ ಇದ್ದಾನೆ.