ಪೇಜ್‌ಮೇಕರ್ ಬಿಡಿಸಿ ಇನ್‌ಡಿಸೈನ್ ಕಲಿಸಿದ ಕೋರ್ಸು: ಹದಿನೆಂಟು ತಿಂಗಳ ಬಳಕೆಯ ನಂತರ

ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರನ್ನು ಬಿಡಿಸಿ, ಅದರ ಜಾಗಕ್ಕೆ ಬಂದ ಇನ್‌ಡಿಸೈನನ್ನು ಕಲಿಸುವ ಈ ಆನ್‌ಲೈನ್ ಕೋರ್ಸಿನ ಅರವತ್ತೆರಡು ಗಂಟೆಗಳ ವಿಡಿಯೊ ಪಾಠಗಳನ್ನು ನಾನು ಪೂರ್ತಿಯಾಗಿ ಎರಡು ಸಲ ನೋಡಿದ್ದೇನೆ. ಅವುಗಳಲ್ಲಿ ಎಲ್ಲಿಯೂ ಒಂದೇ ಒಂದು ಕನ್ನಡ ಅಕ್ಷರ ಕಾಣಿಸುವುದಿಲ್ಲ. ಭಾರತೀಯ ಭಾಷೆಗಳ ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಕಟ್ಟುವ) ಕೆಲಸಗಾರರನ್ನು ಹೊಸ ಕಾಲಕ್ಕೆ ಸಿದ್ಧಪಡಿಸುತ್ತೇವೆ ಎಂಬ ಜಾಹೀರಾತನ್ನು ನಂಬಿ, ತಿಂಗಳಿಗೆ ಎರಡು ಸಾವಿರದಂತೆ ಹನ್ನೆರಡು ಕಂತುಗಳಲ್ಲಿ 24,000 ರೂಪಾಯಿ ಕಟ್ಟಿದವನಿಗೆ ಇದು ಸಣ್ಣ ಕೊರತೆಯಾಗಿ ತೋರಲಿಲ್ಲ. ಪಾಠಗಳ ಪಟ್ಟಿ, ಅವಧಿ, ಪ್ರಮಾಣಪತ್ರದ ನಮೂನೆ ಎಲ್ಲವೂ ಅವರ ಪುಟದಲ್ಲಿಯೇ ಇರುವುದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ನಾನು ಗದಗಿನವನು. ಮುದ್ರಣ ಕಾಶಿ ಎಂದು ಕರೆಸಿಕೊಳ್ಳುವ ಈ ಊರಿನಲ್ಲಿ 1998ರಿಂದ ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ, ಮಠಗಳ ಪುರಾಣ, ಸ್ಮರಣ ಸಂಚಿಕೆಗಳ ಪುಟ ಕಟ್ಟುತ್ತ ಬಂದಿದ್ದೇನೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅಡೋಬಿ ಅದನ್ನು ಮುಂದೆ ಬೆಳೆಸುವುದಿಲ್ಲವೆಂದು 2004ರಲ್ಲಿಯೇ ಹೇಳಿತ್ತು. ಆದರೂ ನಮ್ಮ ಅಂಗಡಿಗಳಲ್ಲಿ ಅದು ಮತ್ತೆ ಇಪ್ಪತ್ತು ವರ್ಷ ನಡೆಯಿತು, ಏಕೆಂದರೆ ಕನ್ನಡ ಬರೆಯುವ ತಂತ್ರಾಂಶಗಳಾದ ನುಡಿ ಮತ್ತು ಶ್ರೀಲಿಪಿಯ ಹಳೆಯ ಅಕ್ಷರಗಳು ಅದರಲ್ಲಿ ಚೆನ್ನಾಗಿ ಕೂರುತ್ತಿದ್ದವು ಮತ್ತು ಗಿರಾಕಿಗೆ ಬೇಕಾದದ್ದು ಕಾಗದದ ಮೇಲಿನ ಅಚ್ಚೇ ಹೊರತು ಫೈಲು ಅಲ್ಲ. ಆಮೇಲೆ ಗಿರಾಕಿಗಳು ವಾಟ್ಸ್‌ಆ್ಯಪಿನಲ್ಲಿ ಎಲ್ಲ ಫೋನು, ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡಿನ ಪಠ್ಯ ಕಳಿಸತೊಡಗಿದರು, ಹುಡುಗರು ಫೋನಿನಲ್ಲಿಯೇ ಕ್ಯಾನ್ವಾ ತೆರೆದು ಲಗ್ನಪತ್ರಿಕೆ ಮಾಡಿಕೊಂಡು ಬಂದರು. ಒಂದು ದಿನ ಪ್ರೆಸ್ಸಿನ ಯಜಮಾನರು, “ಇನ್ನ ಮ್ಯಾಲೆ ಯೂನಿಕೋಡಿನಾಗ ಮಾಡಿ ಕೊಡ್ರಿ, ಇಲ್ಲಾಂದ್ರ ಹುಬ್ಬಳ್ಳಿಯಿಂದ ಮಾಡಿಸ್ತೀನಿ” ಎಂದರು. ಆಗ ನನಗೆ ನಲವತ್ತೊಂಬತ್ತು ವರ್ಷ.

ಕಲಿಕೆಯ ದಿನಚರಿಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಈ ಕೋರ್ಸಿನಲ್ಲಿ ನನಗೆ ಮೊದಲು ಹಿಡಿಸಿದ್ದು ಅದೇ. ಬೆಳಿಗ್ಗೆ ಐದೂವರೆಗೆ ಎದ್ದು, ಒಲೆಯ ಮೇಲೆ ಚಹಾ ಇಟ್ಟು, ಅದು ಕುದಿಯುವಷ್ಟರಲ್ಲಿ ಹಿಂದಿನ ದಿನದ ಪಾಠದ ಕೊನೆಯ ಐದು ನಿಮಿಷವನ್ನು ಮತ್ತೆ ನೋಡುತ್ತಿದ್ದೆ. ಪಾಠ ಹೇಳುವವರು ಇಂಗ್ಲಿಷ್ ಮತ್ತು ಹಿಂದಿಯನ್ನು ಬೆರೆಸಿ ಓಡುವಂತೆ ಮಾತನಾಡುವುದರಿಂದ ವಿಡಿಯೊದ ವೇಗವನ್ನು ಮುಕ್ಕಾಲಿಗೆ ಇಳಿಸಿಕೊಳ್ಳುತ್ತಿದ್ದೆ. ಲಗ್ನಪತ್ರಿಕೆಗಳನ್ನು ಕಟಿಂಗ್ ಮಾಡಿದಾಗ ಉಳಿಯುವ ದಪ್ಪ ಕಾಗದದ ಪಟ್ಟಿಗಳ ಮೇಲೆ ಒಂದೊಂದು ಶಾರ್ಟ್‌ಕಟ್ ಬರೆದು, ಹಳೆಯ ಕೀಲಿಯನ್ನು ಕೆಂಪು ಶಾಯಿಯಲ್ಲಿಯೂ ಹೊಸದನ್ನು ನೀಲಿಯಲ್ಲಿಯೂ ಗುರುತಿಸಿ, ದಾರದಲ್ಲಿ ಪೋಣಿಸಿ ಮಾನಿಟರಿನ ಪಕ್ಕದಲ್ಲಿ ತೂಗುಹಾಕಿದೆ. ಪುಟಕ್ಕೆ ಪಠ್ಯ ತರುವ ಕಂಟ್ರೋಲ್-ಡಿ ಎರಡರಲ್ಲಿಯೂ ಒಂದೇ ಎಂದು ತಿಳಿದ ದಿನ ನೆಂಟರು ಸಿಕ್ಕಂತಾಯಿತು. ಕಂಟ್ರೋಲ್-ಇ ಮಾತ್ರ ಕಾಡಿತು: ಪೇಜ್‌ಮೇಕರಿನಲ್ಲಿ ಅದು ಪಠ್ಯ ತಿದ್ದುವ ಸ್ಟೋರಿ ಎಡಿಟರ್ ತೆರೆಯುತ್ತಿತ್ತು, ಇನ್‌ಡಿಸೈನಿನಲ್ಲಿ ಫೈಲನ್ನು ಬೇರೆ ರೂಪದಲ್ಲಿ ಉಳಿಸುವ ಎಕ್ಸ್‌ಪೋರ್ಟ್ ಪೆಟ್ಟಿಗೆ ಮುಂದೆ ಬಂದು ನಿಲ್ಲುತ್ತದೆ. ನಾಲ್ಕು ತಿಂಗಳು ದಿನಕ್ಕೆ ಹತ್ತಾರು ಸಲ ಆ ಪೆಟ್ಟಿಗೆಯನ್ನು ಮುಚ್ಚಿದ್ದೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅಚ್ಚಿನ ಸೀಸದ ಮೊಳೆ ಜೋಡಿಸುತ್ತಿದ್ದ ಹಿರಿಯ ಕಂಪೋಸಿಟರ್ ಒಬ್ಬರನ್ನು ಕಂಪ್ಯೂಟರಿನ ಮುಂದೆ ಕೂರಿಸಿದ್ದರು. ಅಕ್ಷರ ಸಿಗದೆ ಹೋದಾಗ ಅವರ ಬಲಗೈ ಅಲ್ಲಿ ಇಲ್ಲದ ಮೊಳೆಯ ಕೇಸಿನ ಕಡೆಗೆ ತಾನಾಗಿ ಚಾಚುತ್ತಿತ್ತು. ಆಗ ನಾವು ಹುಡುಗರು ನಕ್ಕಿದ್ದೆವು.

ಬೆರಳುಗಳಿಗೆ ಹೊಸ ಟೈಪಿಂಗ್ ಕಲಿಯುವ ಕಷ್ಟ ಬರಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ನುಡಿಯಲ್ಲಿತ್ತು, ಯೂನಿಕೋಡಿಗೂ ಅದೇ ಸಾಕು. ಕಷ್ಟ ಬಂದದ್ದು ಪರದೆಯ ಮೇಲೆ. ಮೂರನೆಯ ವಾರ ಮೊದಲ ಬಾರಿಗೆ ಕನ್ನಡ ಪಠ್ಯವನ್ನು ಇನ್‌ಡಿಸೈನಿಗೆ ತಂದಾಗ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡು, ‘ಅಕ್ಕ’ ಎಂಬುದು ‘ಅಕ್‌ಕ’ ಎಂದು ಅಡ್ಡಡ್ಡವಾಗಿ ಮಲಗಿತ್ತು. ಪ್ರಶ್ನೆ ಕಳಿಸಿದರೆ ಫಾಂಟ್ ಬದಲಿಸಿ ನೋಡಿ ಎಂಬ ಒಂದು ಸಾಲಿನ ಉತ್ತರ ಬಂತು. ಹನ್ನೊಂದು ದಿನಗಳಲ್ಲಿ ಹದಿನಾಲ್ಕು ಫಾಂಟ್‌ಗಳನ್ನು ಬದಲಿಸಿದೆ. ನಂತರ ಬಂದ ಉತ್ತರದಲ್ಲಿ ನನ್ನ ಫೈಲಿನಲ್ಲಿಯೇ ದೋಷವಿರಬಹುದು ಎಂದಿತ್ತು. ಇಪ್ಪತ್ತೈದು ವರ್ಷ ಇದೇ ಅಕ್ಷರಗಳಿಂದ ಅನ್ನ ಉಂಡವನಿಗೆ, ಕನ್ನಡದ ಒಂದು ಸಾಲನ್ನೂ ತೆರೆದು ನೋಡದವರು ಹೇಳಿದ ಈ ಮಾತು ಬಹಳ ನೊಂದುಕೊಳ್ಳುವಂತೆ ಮಾಡಿತು, ಮತ್ತು ಆ ವಾರ ಕೋರ್ಸನ್ನು ಅರ್ಧಕ್ಕೆ ಬಿಡುವ ನಿರ್ಧಾರಕ್ಕೂ ಬಂದಿದ್ದೆ.

ಬಿಡಲಿಲ್ಲ, ಏಕೆಂದರೆ ಪ್ರತಿ ಗುರುವಾರ ರಾತ್ರಿ ಒಂಬತ್ತಕ್ಕೆ ಕಲಿಯುವವರೆಲ್ಲ ಸೇರುವ ಒಂದು ಗಂಟೆಯ ಸಂದೇಹ ಪರಿಹಾರದ ತರಗತಿ ಇತ್ತು. ಅಲ್ಲಿ ನನ್ನ ಪರದೆಯನ್ನು ತೋರಿಸಿದಾಗ ಪಾಠ ಹೇಳುವವರು ಮತ್ತೆ ಫಾಂಟಿನ ಹೆಸರನ್ನೇ ಎತ್ತಿದರು. ಆದರೆ ಸಾಂಗ್ಲಿಯಿಂದ ಬರುತ್ತಿದ್ದ ಮರಾಠಿ ಡಿಟಿಪಿಯ ಸಹಪಾಠಿಯೊಬ್ಬರು ಗಡಿ ಭಾಗದ ಕನ್ನಡದಲ್ಲಿ, “ಅಣ್ಣಾರ, ಫಾಂಟ್ ಬಿಡ್ರಿ, ಪ್ಯಾರಾಗ್ರಾಫ್ ಮೆನುವಿನಾಗ ಕಂಪೋಜರ್ ಬದಲ ಮಾಡ್ರಿ” ಎಂದರು. ಮಾಡಿದೆ. ಅಕ್ಷರ, ಸಾಲುಗಳನ್ನು ಜೋಡಿಸುವ ವಿಧಾನವೇ ಕಂಪೋಸರ್; ಆ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಎಂಬ ಒಂದು ಸಾಲನ್ನು ಆರಿಸಿದ ಕೂಡಲೇ ಒತ್ತುಗಳೆಲ್ಲ ತಮ್ಮ ತಮ್ಮ ಅಕ್ಷರಗಳ ಕೆಳಗೆ ಹೋಗಿ ಕುಳಿತವು. ಭಾರತೀಯ ಲಿಪಿಗಳಿಗೆ ಈ ಸೌಲಭ್ಯ 2012ರ ಸಿಎಸ್6 ಆವೃತ್ತಿಯಿಂದಲೇ ಇದೆ. ನಮ್ಮಂಥವರಿಗೆ ಮೊದಲ ದಿನದ ಮೊದಲ ಪಾಠವಾಗಬೇಕಿದ್ದ ಈ ಒಂದು ಕ್ಲಿಕ್ಕು ಅರವತ್ತೆರಡು ಗಂಟೆಗಳಲ್ಲಿ ಎಲ್ಲಿಯೂ ಬರುವುದಿಲ್ಲ.

ಉದ್ಯೋಗ ಕೊಡಿಸುವ ವಿಭಾಗದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅವರ ಬಯೋಡೇಟಾ ನಮೂನೆಯಲ್ಲಿ ತಂತ್ರಾಂಶಗಳ ಹೆಸರನ್ನು ಪಟ್ಟಿಯಿಂದಲೇ ಆರಿಸಬೇಕು, ಆ ಪಟ್ಟಿಯಲ್ಲಿ ಪೇಜ್‌ಮೇಕರ್ ಇಲ್ಲ. ಹೀಗಾಗಿ ನನ್ನ ಅನುಭವದ ಮುಂದೆ ಅದು ತಾನಾಗಿ ಸೊನ್ನೆ ವರ್ಷ ಎಂದು ತುಂಬಿಕೊಂಡಿತು. ಬಂದ ಎರಡು ಕರೆಗಳೂ ಪುಣೆಯ ರಾತ್ರಿ ಪಾಳಿಯ ಕೆಲಸಕ್ಕೆ.

ಇಷ್ಟಾದರೂ ಹಾಕಿದ ಹಣ ಪೂರ್ತಿ ನೀರಿಗೆ ಹೋಯಿತು ಎನ್ನಲಾರೆ. ಹೋದ ಮಾಗಿಯಲ್ಲಿ ನಮ್ಮ ತಾಲ್ಲೂಕಿನ ಒಂದು ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ ಬಂತು, ಅದರ ಕೊನೆಯಲ್ಲಿ 1,140 ಹಳೆಯ ವಿದ್ಯಾರ್ಥಿಗಳ ಹೆಸರು ಅಕಾರಾದಿಯಾಗಿ ಬೇಕಿತ್ತು. 2011ರಲ್ಲಿ ಇಂಥದೇ ಪಟ್ಟಿಯನ್ನು ಮಾಡುವಾಗ ಹೆಸರುಗಳನ್ನೆಲ್ಲ ಮುದ್ರಿಸಿ, ಚೀಟಿಗಳಾಗಿ ಕತ್ತರಿಸಿ, ನಾನೂ ನಮ್ಮ ಮನೆಯವರೂ ಪಡಸಾಲೆಯ ತುಂಬ ಹರವಿಕೊಂಡು ಎರಡು ದಿನ ಜೋಡಿಸಿದ್ದೆವು. ಚೀಟಿ ಹಾರುತ್ತವೆ ಎಂದು ಏಪ್ರಿಲ್ ಬಿಸಿಲಿನಲ್ಲಿ ಫ್ಯಾನು ಹಾಕುವಂತಿರಲಿಲ್ಲ. ಆಗ ಕೈಯಿಂದಲೇ ಜೋಡಿಸಬೇಕಾಗಿತ್ತು, ಏಕೆಂದರೆ ಹಳೆಯ ನುಡಿ ಫಾಂಟಿನಲ್ಲಿ ‘ಕ’ ಎಂದು ಕಾಣುವುದು ಕಂಪ್ಯೂಟರಿನ ಪಾಲಿಗೆ ಇಂಗ್ಲಿಷಿನ ‘ಪಿ’, ‘ನ’ ಎಂದು ಕಾಣುವುದು ಪೌಂಡ್ ಹಣದ ಚಿಹ್ನೆ. ಅವನ್ನು ಸ್ಪ್ರೆಡ್‌ಶೀಟಿಗೆ ಹಾಕಿ ಕ್ರಮ ಮಾಡು ಎಂದರೆ ಅದು ತನಗೆ ತಿಳಿದ ಕ್ರಮವನ್ನೇ ಮಾಡುತ್ತಿತ್ತು. ಈ ಸಲ ಯೂನಿಕೋಡಿನ ಹೆಸರುಗಳನ್ನು ಆರಿಸಿ ಒಂದು ಗುಂಡಿ ಒತ್ತಿದೆ. ಅಂಬವ್ವ ಮೇಲೆ ಬಂದಳು, ಅವಳ ಕೆಳಗೆ ಅಕ್ಕಮ್ಮಂದಿರು ಸಾಲಾಗಿ ನಿಂತರು. ಒಳಗಿನಿಂದ ಮನೆಯವರನ್ನು ಕರೆದು ತೋರಿಸಿದೆ. ಅವರು ಪಟ್ಟಿಯನ್ನು ಕೊನೆಯವರೆಗೂ ನೋಡಿ, “ಹಂಗಾರ ಆಗ ಎರಡು ದಿನ ನನ್ನ ಬೆನ್ನು ಯಾಕ ಮುರಿದ್ರಿ?” ಎಂದು ಕೇಳಿದರು.

ಪಠ್ಯವನ್ನು ಹುಡುಕುವ ಗ್ರೆಪ್ ಎಂಬ ವಿಧಾನವನ್ನು ಈ ಕೋರ್ಸು ನಿಜಕ್ಕೂ ಚೆನ್ನಾಗಿ ಕಲಿಸುತ್ತದೆ ಎಂಬುದನ್ನೂ ಒಪ್ಪಬೇಕು. ನನ್ನ ಬಳಿ ಸಿ.ಡಿ.ಗಳಲ್ಲಿ ತುಂಬಿಟ್ಟ ಹಳೆಯ ಕಡತಗಳು ಸಾವಿರಾರಿವೆ, ಅವನ್ನು ಉಚಿತ ಪರಿವರ್ತಕಗಳಿಂದ ಯೂನಿಕೋಡಿಗೆ ತರುತ್ತಿದ್ದೇನೆ. ತೊಡಕು ಬರುವುದು ಹೆಚ್ಚಾಗಿ ಅರ್ಕಾವತ್ತಿನಲ್ಲಿ: ‘ಕರ್ನಾಟಕ’ ಎಂಬಲ್ಲಿ ಹಳೆಯ ಕಡತವು ಅರ್ಕಾವತ್ತನ್ನು ಕಾಗದದ ಮೇಲೆ ಕಾಣುವಂತೆ ‘ನಾ’ ಆದ ಮೇಲೆ ಇಡುತ್ತಿತ್ತು, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ‘ರ್’ ಅನ್ನು ಅದರ ಮೊದಲೇ ಇಡುತ್ತದೆ. ಪರಿವರ್ತಕ ಎಡವಿದಲ್ಲಿ ಕನ್ನಡದ ನಡುವೆ ಒಂದು ಪರಕೀಯ ಅಕ್ಷರ ಉಳಿದುಬಿಡುತ್ತದೆ. ಖಾಲಿ ಜಾಗ, ಅಂಕಿ, ವಿರಾಮ ಚಿಹ್ನೆಗಳನ್ನು ಬಿಟ್ಟು, ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳ ಹೊರಗಿನದೆಲ್ಲವನ್ನು ಹಿಡಿದುಕೊಡು ಎಂದು ಗ್ರೆಪ್‌ನಲ್ಲಿ ಒಂದು ಸಾಲು ಬರೆದರೆ, ಇನ್ನೂರು ಪುಟದ ಪುರಾಣದಲ್ಲಿ ಇಂಥವೆಲ್ಲ ಕ್ಷಣದಲ್ಲಿ ಸಿಗುತ್ತವೆ.

ಈ ಸಾಲನ್ನು ಅತಿಯಾಗಿ ನಂಬಿ ನಾನೇ ಪೆಟ್ಟು ತಿಂದೆ. ಹಿಡಿದದ್ದನ್ನೆಲ್ಲ ಅಳಿಸಿಬಿಡು ಎಂದು ಅದೇ ಸಾಲನ್ನು ಒಂದು ಲಗ್ನಪತ್ರಿಕೆಯ ಮೇಲೆ ಓಡಿಸಿದಾಗ, ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಚಿಹ್ನೆಯೂ ಅಳಿಸಿಹೋಯಿತು, ಏಕೆಂದರೆ ಅದರ ಸ್ಥಾನವೂ ಆ 128ರ ಹೊರಗಿದೆ. ವರ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆದ. ಮುನ್ನೂರು ಕಾರ್ಡು ಅಚ್ಚಾದ ಮೇಲೆ ವರನ ತಾಯಿ ಕಂಡುಹಿಡಿದರು, ಮರುಮುದ್ರಣದ ಖರ್ಚು ನನ್ನದೇ ಆಯಿತು. ಈ ತಪ್ಪನ್ನು ಕೋರ್ಸಿನ ಮೇಲೆ ಹೊರಿಸುವುದಿಲ್ಲ.

ಖರ್ಚಿನ ಲೆಕ್ಕ ಹಾಕುವವರು ಒಂದು ವಿಷಯವನ್ನು ಗಮನಿಸಬೇಕು: ಶುಲ್ಕದಲ್ಲಿ ತಂತ್ರಾಂಶ ಸೇರಿಲ್ಲ. ಪೇಜ್‌ಮೇಕರನ್ನು ಒಮ್ಮೆ ಹಾಕಿಕೊಂಡರೆ ಮುಗಿಯುತ್ತಿತ್ತು, ಇನ್‌ಡಿಸೈನಿಗೆ ಬಾಡಿಗೆಯಂತೆ ಕಟ್ಟುತ್ತಲೇ ಇರಬೇಕು. ನಾನು ಅದನ್ನು ಲಗ್ನಸರಾಯಿಯ ತಿಂಗಳುಗಳಲ್ಲಿ ಮಾತ್ರ ಇಟ್ಟುಕೊಂಡು, ಉಳಿದ ಕಾಲದಲ್ಲಿ ಉಚಿತವಾದ ಸ್ಕ್ರೈಬಸ್ ಬಳಸುತ್ತೇನೆ. 2024ರ ಜನವರಿಯಲ್ಲಿ ಬಂದ ಅದರ 1.6 ಆವೃತ್ತಿ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ, ರಸೀದಿ ಪುಸ್ತಕ ಮತ್ತು ಕರಪತ್ರಕ್ಕೆ ಧಾರಾಳವಾಗಿ ಸಾಕು. ಫಾಂಟುಗಳಿಗೂ ಹಣ ಕೊಡಬೇಕಾಗಿಲ್ಲ. ಪುಸ್ತಕದ ಒಡಲಿಗೆ ನೋಟೊ ಸೆರಿಫ್ ಅಥವಾ ಟೀರೊ ಕನ್ನಡ, ಕರಪತ್ರದ ತಲೆಬರಹಕ್ಕೆ ಬಾಲೂ ತಮ್ಮ ನನಗೆ ಒಗ್ಗಿವೆ. ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಶ್ರೀಲಿಪಿ ನಡೆಯುತ್ತಿದ್ದ ಡಾಂಗಲ್ ಎಂಬ ಪುಟ್ಟ ಸಾಧನ ಕಳೆದುಹೋದರೆ ಕೆಲಸವೇ ನಿಲ್ಲುತ್ತಿದ್ದ ದಿನಗಳನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಆದ್ದರಿಂದ ಪೇಜ್‌ಮೇಕರಿನ ಮುಂದೆ ಕುಳಿತೇ ಐವತ್ತರ ಹತ್ತಿರ ಬಂದಿರುವ ನನ್ನಂಥವರು ಒಂದು ವರ್ಷದ ಪ್ಯಾಕೇಜು ಕೊಳ್ಳುವುದು ಬೇಡ. ಆರು ತಿಂಗಳದ್ದು ಸಾಕು; ಸ್ಟೈಲ್, ಮಾಸ್ಟರ್ ಪುಟ ಮತ್ತು ಗ್ರೆಪ್ ಭಾಗಗಳನ್ನು ನೋಡಿ, ಬಣ್ಣ ಮತ್ತು ಜಾಹೀರಾತು ವಿನ್ಯಾಸದ ಪಾಠಗಳನ್ನು ದಾಟಿಹೋಗಬಹುದು. ಕಂಪೋಸರ್ ಬದಲಿಸುವುದು ಹೇಗೆಂದು ಈಗಾಗಲೇ ಮೇಲೆ ಬರೆದಿದ್ದೇನೆ, ಅದಕ್ಕಾಗಿ ಹಣ ಕೊಡಬೇಕಾಗಿಲ್ಲ. ಐದರಲ್ಲಿ ಮೂರು ಅಂಕ ಕೊಡಬೇಕೆಂದುಕೊಂಡು ಈ ವಿಮರ್ಶೆಯನ್ನು ಆರಂಭಿಸಿದ್ದೆ, ಆ ಮೂರರಲ್ಲಿ ಒಂದು ಪೂರ್ತಿಯಾಗಿ ಗುರುವಾರ ರಾತ್ರಿಯ ತರಗತಿಗೆ ಸೇರಿದ್ದು. ಮೊನ್ನೆ ಬಂದ ಮಿಂಚಂಚೆಯ ಪ್ರಕಾರ ಹೊಸ ತಂಡಗಳಿಗೆ ಆ ತರಗತಿ ಇರುವುದಿಲ್ಲ, ಸಂದೇಹಗಳಿಗೆ ಒಂದು ಚಾಟ್‌ಬಾಟ್ ಉತ್ತರಿಸುತ್ತದೆ. ಪರೀಕ್ಷೆಗೆಂದು ನನ್ನ ಹಳೆಯ ಒತ್ತಕ್ಷರದ ಪ್ರಶ್ನೆಯನ್ನೇ ಅದಕ್ಕೆ ಹಾಕಿದೆ. ಫಾಂಟ್ ಬದಲಿಸಿ ನೋಡಿ ಎಂದಿತು. ಎರಡು ಅಂಕ.